ದಂತವೈದ್ಯರಿಗೆ ಮರುಪಾಠವೇಕೆ? ಒಂದು ಪ್ರತಿಕ್ರಿಯೆ

ಮೂರು ಆಯಾಮಗಳ ಕ್ಷ-ಕಿರಣ ಚಿತ್ರ ತೆಗೆಯುವ ಸಿಬಿಸಿಟಿ ಯಂತ್ರವೇ ರೋಗವನ್ನು ತೋರಿಸಿಕೊಡುವಾಗ ಪದವೀಧರ ದಂತವೈದ್ಯನಿಗೆ ಮತ್ತೆ ಪಾಠವೇತಕ್ಕೆಂದು ಕಳೆದ ಸಂಚಿಕೆಯ ಲೇಖಕರು ಕೇಳಿರುವುದನ್ನು ನಾನು ಒಪ್ಪಲಾರೆ. ಕ್ಷ-ಕಿರಣವು ಅಸ್ಥಿಯ ವೃತ್ತಾಂತವನ್ನು ಹೇಳಬಲ್ಲುದೇ ಹೊರತು, ಕೆನ್ನೆಯ ಒಳಪೊರೆಯಲ್ಲಿ ಆಗತಾನೆ ಮೊಳೆಯುತ್ತಿರುವ ಅರ್ಬುದವನ್ನು ತೋರಿಸದು. ಹೊಗೆಸೊಪ್ಪಿಲ್ಲದ ಅಡಕೆಯೂ ಅರ್ಬುದಕಾರಕವೆಂದು ಅಂತರರಾಷ್ಟ್ರೀಯ ಅರ್ಬುದ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸುವುದಕ್ಕೆ ಮುನ್ನವೇ ಓದು ಮುಗಿಸಿದ ಎಷ್ಟು ಮಂದಿ ವೈದ್ಯರು ಅಡಕೆಯ ನಾಡಾದ ನಮ್ಮಲ್ಲಿಲ್ಲ! ಅಡಕೆ ಜಗಿಯುವ ಅಭ್ಯಾಸವಿದ್ದು, ಖಾರ ಸೋಕಿದೊಡನೆ ಉರಿಯೆನ್ನುವ, ಎರಡು ಬೆರಳಗಲವೂ ಬಾಯಿ ತೆರೆಯಲಾರದ, ಬಿಳಿಚಿದ ಕೆನ್ನೆಯೊಳಗೆ ಗಡುಸಾದ ನಾರುಪಟ್ಟಿಗಳು ಬೆರಳಿಗೆ ತಾಗುವ ರೋಗಿಗೆ ಬರಿಯ ವಿಟಮಿನ್ ಗುಳಿಗೆಯನ್ನು ಬರೆದು ಕಳುಹಿಸುವುದು ಘೋರ ಪ್ರಮಾದ. ಹಾಜರಿಯ ಸಹಿಗಾಗಿಯೇ ನಡೆಯುವ ಶಿಬಿರಗಳ ಬಗೆಗೆ ಲೇಖಕರೆತ್ತಿದ ಆಕ್ಷೇಪ ನ್ಯಾಯವಾದುದೇ. ಆದುದರಿಂದಲೇ, ಎರಡು ವಾರಕ್ಕೂ ಮಾಯದ ಹುಣ್ಣನ್ನು ಮುಟ್ಟಿ ನೋಡಿ, ಅದರ ಚೂರನ್ನು ಬಯಾಪ್ಸಿಗೆ ಕಳುಹಿಸುವ ಕ್ರಮವನ್ನು ರೋಗಿಯ ಸಮ್ಮುಖದಲ್ಲಿಯೇ ಕಲಿಸುವ ಏರ್ಪಾಡು ಜಿಲ್ಲಾ ಆಸ್ಪತ್ರೆಗಳಲ್ಲಿ ಆಗಬೇಕು.