ಗ್ರೆಪ್ ಗೊತ್ತಿಲ್ಲದ ಇಂಜಿನಿಯರು

ಮೊನ್ನೆ ಟೀಮಿನ ಹುಡುಗನೊಬ್ಬ ಎರಡು ಜಿಬಿ ಲಾಗ್ ಫೈಲನ್ನು ಎಕ್ಸೆಲ್‌ನಲ್ಲಿ ತೆರೆಯಲು ಹೋಗಿ ಲ್ಯಾಪ್‌ಟಾಪ್ ಹ್ಯಾಂಗ್ ಮಾಡಿಕೊಂಡ. ಎಕ್ಸೆಲ್ ಹಾಳೆಗೆ 10,48,576 ಸಾಲೇ ಮಿತಿ, ಮಾರಾಯ್ರೆ! ಅವನಿಗೆ ಬೇಕಿದ್ದದ್ದು ಯಾವ ಎರರ್ ಎಷ್ಟು ಸಲ ಬಂತು ಅನ್ನೋದಷ್ಟೆ. ಗ್ರೆಪ್‌ನಲ್ಲಿ ಸಾಲು ಹೆಕ್ಕು, ಆಕ್‌ನಲ್ಲಿ ಕಾಲಂ ತೆಗೆ, ಸಾರ್ಟ್ ಮಾಡು, ಯುನಿಕ್‌ನಲ್ಲಿ ಎಣಿಸು. ಮುಗೀತು.

ನಾರಾವಿಯ ನಮ್ಮಂಗಳದಲ್ಲಿ ಅಡಿಕೆ ಕೆಲಸವೂ ಹೀಗೇ. ಒಬ್ಬರು ಸುಲಿಯುತ್ತಾರೆ, ಇನ್ನೊಬ್ಬರು ಪಟೋರ, ಉಳ್ಳಿ, ಕರಿಗೋಟು ಬೇರೆ ಮಾಡುತ್ತಾರೆ, ಮತ್ತೊಬ್ಬರು ಗೋಣಿಗೆ ತುಂಬುತ್ತಾರೆ. ಪೈಪ್ ಅಂದರೆ ಇಷ್ಟೇ.

ಗ್ರೆಪ್ 1973ರದ್ದು, ಆಕ್ 1977ರದ್ದು, ಹಳೇದು ಅಂತ ಮೂಗು ಮುರೀತೀರಿ. ಎಐ ಬರೆದುಕೊಡುತ್ತೆ ಅಂತೀರಿ. ಕೊಡಲಿ, ತಪ್ಪು ಹಿಡಿಯೋರು ಯಾರು? ‘ನಾರಾವಿ’ ಕಣ್ಣಿಗೆ 3 ಅಕ್ಷರ. ಯುಟಿಎಫ್-8ರಲ್ಲಿ ಆ ಪದವನ್ನಷ್ಟೇ ಕೊಟ್ಟರೆ ‘ಡಬ್ಲ್ಯುಸಿ -ಎಂ’ 6 ಅನ್ನುತ್ತೆ, ‘-ಸಿ’ 18 ಬೈಟ್ ಅನ್ನುತ್ತೆ. ಯಾಕೆ ಅಂತ ಗೊತ್ತಿಲ್ಲದವನು ಬೈಟ್ ಲೆಕ್ಕ ಹಾಕಿ ಕನ್ನಡದ ಹೆಸರುಗಳ ಬಾಲ ಕತ್ತರಿಸುತ್ತಾನೆ. ಆಮೇಲೆ ಕಾರ್ಡು ಹಿಡಿದು ಕಚೇರಿಗೆ ಅಲೆಯೋದು ಅವನಲ್ಲ, ಊರಲ್ಲಿರೋ ಯಾರದೋ ಅಜ್ಜಿ.

ಈ ಶನಿವಾರ ಟರ್ಮಿನಲ್ ಮುಂದೆ ಒಂದು ಗಂಟೆ ಕೂತ್ಕೊಳ್ಳಿ. ‘ಮ್ಯಾನ್ ಗ್ರೆಪ್’ ಅಂತ ಹೊಡೀರಿ. ಫೀಸಿಲ್ಲ, ಸರ್ಟಿಫಿಕೇಟೂ ಇಲ್ಲ. ಕೆಲಸ ಮಾತ್ರ ಬರುತ್ತೆ.