ಬಂಜರೆಂದವರು ಯಾರು?

ಚಾಮರಾಜನಗರ, ಗುಂಡ್ಲುಪೇಟೆಗಳ ಗೋಮಾಳವನ್ನೂ ಬೀಳು ಹೊಲವನ್ನೂ ‘ಬಂಜರು’ ಎಂದು ಕರೆದು, ಸೌರಫಲಕಗಳಿಗೆ ಇದೇ ತಕ್ಕ ನೆಲವೆನ್ನುವವರಿದ್ದಾರೆ. ಅಲ್ಲಿ ಮೇಯುವ ದನಕುರಿಗಳು ಇವರ ಕಣ್ಣಿಗೆ ಬೀಳವೇ? ತುಮಕೂರು ಜಿಲ್ಲೆಯ ಪಾವಗಡವನ್ನು ನೋಡಿರಿ. ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸ್ಥಾವರವೆದ್ದಿತು. ಹೊಲವುಳ್ಳವನಿಗೆ ಮೊದಲಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗುತ್ತಿಗೆ ಗೊತ್ತಾಯಿತು, ಸಂತೋಷ. ಭೂಹೀನ ಕೂಲಿಕಾರನಿಗೂ ಕುರಿಗಾಹಿಗೂ ದಕ್ಕಿದುದೇನು? ಕೆಲಸ ಹೋಯಿತು, ಮೇವು ಹೋಯಿತು.

ನಮ್ಮಲ್ಲಿ ಆನೆಯೂ ಹಕ್ಕುದಾರನೇ. 1973ರಲ್ಲಿ ಹುಲಿ ಯೋಜನೆಗೆ ಸೇರಿದ ಬಂಡೀಪುರದ ಕಾಡಂಚಿನಲ್ಲಿ ಬೇಲಿ ಬಿಗಿದರೆ ಅದು ಸುಮ್ಮನೆ ಹಿಂದಿರುಗೀತೇ? ಪಕ್ಕದ ಬಡವನ ಹೊಲಕ್ಕೆ ನುಗ್ಗೀತು.

ಸೌರವಿದ್ಯುತ್ತನ್ನು ಬೇಡವೆನ್ನುವ ಮೂಢರು ನಾವಲ್ಲ. ಶಾಲೆ, ಕಚೇರಿ, ಛತ್ರ, ಮಠಗಳ ಮಾಳಿಗೆಗಳು ಬರಿದೇ ಬಿಸಿಲು ಕಾಯುತ್ತಿವೆ. ಮೊದಲು ಅವು ತುಂಬಲಿ. ಗೋಮಾಳದ ಮಾತು ಗ್ರಾಮಸಭೆಯಲ್ಲಿ ಕುರಿಗಾಹಿಯೂ ಒಪ್ಪಿದ ಮೇಲೆ ಬರಲಿ. ಹೊಲವುಳ್ಳ ಭಕ್ತರೇ, ಗುತ್ತಿಗೆಪತ್ರಕ್ಕೆ ರುಜು ಹಾಕುವ ಮುನ್ನ ನಿಮ್ಮ ಹೊಲದ ಕೂಲಿಯಾಳನ್ನು ಒಂದು ಮಾತು ಕೇಳಿದಿರಾ?