ಗ್ರಹಚಾರ ಬೇರೆ, ಗ್ರಹಗಳ ಚಾರ ಬೇರೆ

“ದೂರದರ್ಶಕದ ಹಂಗಿಲ್ಲದೆ ನಮ್ಮ ಪೂರ್ವಿಕರು ಒಂಬತ್ತು ಗ್ರಹಗಳನ್ನು ಬಲ್ಲವರಾಗಿದ್ದರು, ಆ ಲೆಕ್ಕ ಪೂರೈಸಲು ಪಾಶ್ಚಾತ್ಯರಿಗೆ 1930ರವರೆಗೆ ಕಾಲ ಬೇಕಾಯಿತು.” ಈ ಮಾತನ್ನು ಸಭೆಗಳಲ್ಲಿ ಎಷ್ಟು ಸಲ ಕೇಳಿದ್ದೇನೋ, ಎಣಿಸಿಟ್ಟಿಲ್ಲ. ಹೇಳುವವರು ಓದು ಬರಹ ಬಲ್ಲ ಮಹನೀಯರೇ, ಚಪ್ಪಾಳೆಯೂ ಬೀಳುತ್ತದೆ. 2006ರಲ್ಲಿ ಪ್ಲೂಟೋವನ್ನು ಗ್ರಹಗಳ ಪಂಕ್ತಿಯಿಂದ ಎಬ್ಬಿಸಿದ ಮೇಲಾದರೂ ಈ ಮಾತು ನಿಲ್ಲಬೇಕಿತ್ತು. ನಿಲ್ಲಲಿಲ್ಲ. “ಅವರಲ್ಲಿ ಒಂದು ಕಡಿಮೆ ಬಿತ್ತು, ನಮ್ಮಲ್ಲಿ ಒಂಬತ್ತೂ ಭದ್ರ” ಎಂದು ಈಗ ಹೊಸ ಬಾಲವೊಂದು ಸೇರಿಕೊಂಡಿದೆ.

ನಾನು ಕನ್ನಡದ ಅಧ್ಯಾಪಕ. ಖಗೋಳಶಾಸ್ತ್ರ ನನ್ನ ತರಗತಿಯ ಪಾಠವಲ್ಲ. ಆದರೆ ಈ ಗೊಂದಲ ಹುಟ್ಟಿರುವುದು ಆಕಾಶದಲ್ಲಲ್ಲ, ಭಾಷೆಯಲ್ಲಿ. ಆದಕಾರಣ ಎರಡು ಮಾತು ಆಡುವ ಹಕ್ಕು ನನಗೂ ಉಂಟು.

ಯಾವುದಾದರೂ ದೇವಸ್ಥಾನದ ನವಗ್ರಹ ಕಟ್ಟೆಗೆ ಒಂದು ಸುತ್ತು ಬಂದು ನೋಡಿ. ರವಿ, ಚಂದ್ರ, ಕುಜ, ಬುಧ, ಗುರು, ಶುಕ್ರ, ಶನಿ, ರಾಹು, ಕೇತು. ಇವರಲ್ಲಿ ರವಿ ನಕ್ಷತ್ರ. ಚಂದ್ರ ನಮ್ಮ ಭೂಮಿಯನ್ನು ಸುತ್ತುವ ಉಪಗ್ರಹ. ರಾಹು ಕೇತುಗಳು ಕಾಯಗಳೇ ಅಲ್ಲ. ಉಳಿದವರು ಐವರು. ಭೂಮಿಯಂತೂ ಆ ಕಟ್ಟೆಯ ಮೇಲೆ ಎಲ್ಲಿಯೂ ಇಲ್ಲ. ಅದು ಪ್ರದಕ್ಷಿಣೆ ಹಾಕುವವನ ಕಾಲ ಕೆಳಗಿದೆ! ಐದಕ್ಕೆ ಭೂಮಿಯನ್ನು ಸೇರಿಸಿ, 1781ರಲ್ಲಿ ವಿಲಿಯಂ ಹರ್ಷೆಲ್ ಕಂಡ ಯುರೇನಸ್ಸನ್ನೂ 1846ರಲ್ಲಿ ಕಂಡ ನೆಪ್ಚೂನನ್ನೂ ಸೇರಿಸಿದರೆ ಸೌರವ್ಯೂಹದ ಎಂಟು ಗ್ರಹಗಳಾಗುತ್ತವೆ. ಎರಡು ಪಟ್ಟಿಗಳಿಗೂ ಸಮಾನವಾದದ್ದು ಐದೇ ಹೆಸರು. ಒಂಬತ್ತಕ್ಕೆ ಒಂಬತ್ತು ಕೂಡಿದ್ದು ಎಪ್ಪತ್ತಾರು ವರ್ಷ ನಡೆದ ಒಂದು ಕಾಕತಾಳೀಯ, ಅಷ್ಟೆ.

ಹಾಗೆಂದು ಹಿರಿಯರು ಎಣಿಕೆ ತಪ್ಪಿದರೆಂದು ನಾನು ಹೇಳುತ್ತಿಲ್ಲ. ಅವರು ಪಟ್ಟಿ ಮಾಡಿದ್ದು ಸೂರ್ಯನನ್ನು ಸುತ್ತುವ ಗೋಳಗಳನ್ನಲ್ಲ; ನಿಂತ ನಕ್ಷತ್ರಗಳ ನಡುವೆ ದಿನದಿನಕ್ಕೂ ಸ್ಥಳ ಬದಲಿಸುವವರನ್ನು. ಆ ಅರ್ಥದಲ್ಲಿ ಅವರ ಪಟ್ಟಿ ನಿರ್ದುಷ್ಟವಾದದ್ದು. ರಾಹು ಕೇತುಗಳನ್ನೇ ನೋಡಿ. ಆಕಾಶದಲ್ಲಿ ಚಂದ್ರನ ದಾರಿ ಸೂರ್ಯನ ದಾರಿಯನ್ನು ಎರಡು ಕಡೆ ಕತ್ತರಿಸುತ್ತದೆ. ಆ ಎರಡು ಬಿಂದುಗಳಿಗೆ ಇಟ್ಟ ಹೆಸರುಗಳಿವು. ಕಣ್ಣಿಗೆ ಕಾಣದ ಆ ಬಿಂದುಗಳು ಹಿಮ್ಮುಖವಾಗಿ ಸರಿಯುತ್ತ ಸುಮಾರು ಹದಿನೆಂಟೂವರೆ ವರ್ಷಕ್ಕೊಮ್ಮೆ ಆಕಾಶವನ್ನು ಸುತ್ತಿಬರುತ್ತವೆ. ಗ್ರಹಣಗಳಾಗುವುದು ಅವುಗಳ ಆಸುಪಾಸಿನಲ್ಲಿಯೇ. ಇದನ್ನು ಲೆಕ್ಕದಲ್ಲಿ ಹಿಡಿದ ಬುದ್ಧಿ ಸಾಮಾನ್ಯವಾದದ್ದಲ್ಲ. ಚಂದ್ರನು ಸೂರ್ಯನನ್ನು ಮರೆಮಾಡುತ್ತಾನೆ, ಭೂಮಿಯ ನೆರಳು ಚಂದ್ರನನ್ನು ಮುಚ್ಚುತ್ತದೆ ಎಂದು ಆರ್ಯಭಟ ಕ್ರಿ.ಶ. 499ರ ಸುಮಾರಿಗೆ ಬಿಡಿಸಿ ಹೇಳಿದ. ಇಂಥ ಹಿರಿಯರ ತಲೆಗೆ ಅವರು ಕಾಣದ ನೆಪ್ಚೂನನ್ನು ಕಟ್ಟಿ, ಅವರು ಕಂಡ ರಾಹುವನ್ನು ಮತ್ತೆ ರಾಕ್ಷಸನನ್ನಾಗಿ ಮಾಡುವ ಅಭಿಮಾನ ಎಂಥ ಅಭಿಮಾನವೋ ನಾನರಿಯೆ.

ನಮ್ಮ ಮಾತಿನ ಮಟ್ಟಿಗೆ ಬರೋಣ. ‘ಗ್ರಹ’ವೆಂದರೆ ಹಿಡಿಯುವುದು. ಗ್ರೀಕರು ಅದೇ ಕಾಯಗಳನ್ನು ಅಲೆಮಾರಿಗಳೆಂದು ಕರೆದರು. ನಾವು ಹಿಡಿಯುವವರೆಂದು ಕರೆದೆವು, ಹಿಡಿಸಿಕೊಂಡೂ ಬಿಟ್ಟೆವು. ‘ಗ್ರಹಚಾರ’ವೆಂದರೆ ಗ್ರಹದ ನಡಿಗೆ, ಬೇರೇನಲ್ಲ, ಕನ್ನಡದಲ್ಲಿ ಅದು ಕೇಡುಗಾಲವಾಗಿ, “ಗ್ರಹಚಾರ ಬಿಡಿಸುತ್ತೇನೆ” ಎಂಬ ಬೆದರಿಕೆಯಾಗಿ ಕುಳಿತಿದೆ. ‘ಶನೈಶ್ಚರ’ ಎಂದರೆ ಮೆಲ್ಲಗೆ ನಡೆಯುವವನು. ವರ್ಷಗಟ್ಟಲೆ ಇರುಳು ಕಣ್ಣಿಟ್ಟು ಕಾದವರು ಮಾತ್ರ ಇಡಬಲ್ಲ ಹೆಸರು. ಅವನು ಸೂರ್ಯನಿಂದ ನಮಗಿಂತ ಒಂಬತ್ತೂವರೆ ಪಾಲು ದೂರದಲ್ಲಿದ್ದಾನೆ. ಒಂದು ಸುತ್ತಿಗೆ ಇಪ್ಪತ್ತೊಂಬತ್ತೂವರೆ ವರ್ಷ. ಹನ್ನೆರಡು ರಾಶಿಗಳಿಗೆ ಹಂಚಿದರೆ ಒಂದಕ್ಕೆ ಸುಮಾರು ಎರಡೂವರೆ ವರ್ಷ. ಮೂರು ರಾಶಿಗೆ ಏಳೂವರೆ. ಜನ ಹೆದರಿ ನಡುಗುವ ಏಳೂವರೆ ಶನಿಯೆಂದರೆ ಈ ಭಾಗಾಕಾರ!

ಶಾಲೆಯ ಪುಸ್ತಕಗಳೂ ಈ ವಿಷಯದಲ್ಲಿ ಉಪಕಾರ ಮಾಡಿಲ್ಲ. ಒಂದೇ ಪುಟದಲ್ಲಿ ಸೂರ್ಯನ ಪಕ್ಕ ಎಂಟು ಗೋಲಿಗಳನ್ನು ಒತ್ತೊತ್ತಾಗಿ ಬರೆದರೆ, ಅವು ನಮ್ಮನ್ನು ಹಿಡಿಯುವಷ್ಟು ಹತ್ತಿರದಲ್ಲಿವೆ ಎಂದೇ ಮಗು ತಿಳಿಯುತ್ತದೆ. ಚಿತ್ರವನ್ನು ಬಿಟ್ಟು ಬಯಲಿಗೆ ಬನ್ನಿ. ಒಂದು ಮೀಟರು ಅಡ್ಡಳತೆಯ ಸೂರ್ಯನನ್ನು ಕಾಲೇಜಿನ ಬಾಗಿಲಲ್ಲಿ ಇಡೋಣ. ಬುಧ 40 ಮೀಟರಿನ ಆಚೆ ಒಂದು ತೊಗರಿಬೇಳೆಗಿಂತ ಚಿಕ್ಕದು. ಭೂಮಿ 107 ಮೀಟರು ದೂರದಲ್ಲಿ ಒಂದು ಕಡಲೆಕಾಳು; ಅದರಿಂದ ಗೇಣಿಗಿಂತ ತುಸು ಆಚೆ ಚಂದ್ರ, ದಪ್ಪ ಸಾಸಿವೆ. ಕುಜ 164 ಮೀಟರಿನಲ್ಲಿ ಒಂದು ಮೆಣಸಿನಕಾಳು. ಗುರು ಸುಲಿದ ತೆಂಗಿನಕಾಯಿ, ಅರ್ಧ ಕಿಲೋಮೀಟರಿಗೂ ಮೇಲೆ. ಶನಿಗೆ ಒಂದು ಕಿಲೋಮೀಟರು ನಡೆಯಬೇಕು. ನೆಪ್ಚೂನೆಂಬ ನಿಂಬೆಹಣ್ಣು ಇರುವುದು ಮೂರು ಕಿಲೋಮೀಟರಿನ ಆಚೆ, ಪಕ್ಕದ ಊರಿನಲ್ಲಿ. ಅತ್ಯಂತ ಹತ್ತಿರದ ಇನ್ನೊಂದು ನಕ್ಷತ್ರವನ್ನು ಇಡಲು ಈ ಭೂಮಂಡಲದ ಮೇಲೆ ಸ್ಥಳವೇ ಸಾಲದು. ಅದು 28,000 ಕಿಲೋಮೀಟರಿಗೂ ದೂರ.

ಆ ಮೆಣಸಿನಕಾಳಿನ ವಿಚಾರ ಇನ್ನಷ್ಟು ಹೇಳಬೇಕಾಗಿದೆ. ನನ್ನ ಬಳಿ ಓದಿದ ಹುಡುಗಿಯೊಬ್ಬಳಿಗೆ ಎರಡು ಸಲ ಗಂಡು ಗೊತ್ತಾಗಿ ಎರಡು ಸಲವೂ ಮುರಿಯಿತು. ಆಕೆಯ ತಂದೆ ನನ್ನ ಮನೆಯ ಜಗಲಿಯ ಮೇಲೆ ಕುಳಿತು, “ಕುಜದೋಷವಂತೆ, ಮೇಷ್ಟ್ರೇ. ನಾವೇನು ಮಾಡಿದ್ದೆವು?” ಎಂದು ಕೇಳಿದರು. ಎರಡನೆಯ ವರ ಇಂಜಿನಿಯರು! ಜಾತಕದ ಹನ್ನೆರಡು ಮನೆಗಳಲ್ಲಿ ಐದಾರರ ಪೈಕಿ ಎಲ್ಲಿ ಕುಜನಿದ್ದರೂ ದೋಷವೆಂದು ಜೋಯಿಸರ ಲೆಕ್ಕ. ಅಂದಮೇಲೆ ಹೆಚ್ಚುಕಡಿಮೆ ಅರ್ಧ ನಾಡೇ ದೋಷಿಯಾಗಬೇಕು. ಕುಜ ಕೆಂಪಗಿರುವುದು ಕೋಪದಿಂದಲ್ಲ. ಅಲ್ಲಿಯ ಮಣ್ಣಿನ ಕಬ್ಬಿಣ ತುಕ್ಕು ಹಿಡಿದಿದೆ. ಆ ಮೆಣಸಿನಕಾಳು ನಮ್ಮ ಕಡಲೆಕಾಳಿಗೆ ಅತಿ ಹತ್ತಿರ ಬಂದಾಗ 40 ಮೀಟರು, ಅತಿ ದೂರ ಹೋದಾಗ 280 ಮೀಟರಿಗೂ ಆಚೆ. ದೋಷ ಹೇಳುವವರು ಈ ಏಳು ಪಾಲು ಅಂತರವನ್ನು ಎಂದಾದರೂ ಕೇಳಿದ್ದಾರೆಯೇ? 2014ರ ಸೆಪ್ಟೆಂಬರ್ 24ರ ಬೆಳಗ್ಗೆ ಬೆಂಗಳೂರಿನಲ್ಲಿ ಕುಳಿತ ವಿಜ್ಞಾನಿಗಳು ಮಂಗಳಯಾನವನ್ನು ಅದೇ ಕುಜನ ಸುತ್ತಿನ ಕಕ್ಷೆಗೆ ಸೇರಿಸಿದರು. ಅದೇ ಬೆಂಗಳೂರಿನ ಮನೆಗಳಲ್ಲಿ ಅಂದೂ ಕುಜದೋಷಕ್ಕೆ ಹೆದರಿ ಹೆಣ್ಣು ಬೇಡವೆಂದವರು ಇದ್ದರು; ಇಂದೂ ಇದ್ದಾರೆ.

ನನ್ನ ವೃತ್ತಿಬಾಂಧವರಲ್ಲಿ ಕೆಲವರಿಗೆ ಈಗ ಇನ್ನೊಂದು ಉತ್ಸಾಹ. ಹಿಂದಿಯಲ್ಲಿ ಮಾಡಿರುವಂತೆ ನಾವೂ ಯುರೇನಸ್ಸನ್ನು ಅರುಣನೆಂದೂ ನೆಪ್ಚೂನನ್ನು ವರುಣನೆಂದೂ ಕರೆಯೋಣವೆಂದು ಅವರ ಸಲಹೆ. ಭಾಷಾಭಿಮಾನಕ್ಕೆ ನಾನು ವಿರೋಧಿಯಲ್ಲ. ಆದರೆ ಇದು ಬೇಡ. ಇಂದು ವರುಣನೆಂದು ಬರೆದರೆ ನಾಳೆಯ ಭಾಷಣಕಾರರು ಋಗ್ವೇದದಲ್ಲಿ ವರುಣನ ಹೆಸರನ್ನು ತೆಗೆದು ತೋರಿಸಿ, ನೆಪ್ಚೂನು ಅಂದೇ ಗೊತ್ತಿತ್ತು ಎನ್ನುತ್ತಾರೆ. ಯುರೇನಸ್ಸಿನ ನಡಿಗೆಯಲ್ಲಿ ಕಂಡ ಸಣ್ಣ ತೊಡಕನ್ನು ಹಿಡಿದು ಲ ವೆರಿಯೆ ಎಂಬ ಫ್ರೆಂಚ್ ಗಣಿತಜ್ಞ ಕಾಗದದ ಮೇಲೆ ತಿಂಗಳುಗಟ್ಟಲೆ ಲೆಕ್ಕ ಹಾಕಿ, ಇಂಥಲ್ಲಿ ನೋಡಿ ಎಂದು ಬರ್ಲಿನ್ನಿಗೆ ಬರೆದ. 1846ರ ಸೆಪ್ಟೆಂಬರ್ 23ರ ರಾತ್ರಿ ಗಾಲೆ ಅತ್ತ ದೂರದರ್ಶಕ ತಿರುಗಿಸಿದಾಗ, ಬರೆದ ಜಾಗಕ್ಕೂ ಕಂಡ ಜಾಗಕ್ಕೂ ಒಂದು ಡಿಗ್ರಿಯಷ್ಟೂ ಅಂತರವಿರಲಿಲ್ಲ.